ರೈಟ್ ಗುರುತಿನ ಕೆಳಗಿನ ಚುಕ್ಕೆ

ಪರ್ಕಳ
12 ಜನವರಿ 2025

ಝೀಟಾ ಟೀಚರಿಗೆ ನಮಸ್ಕಾರಗಳು.

ನಾನು ಜಿತೇಶ್. ಕಾಪುವಿನಲ್ಲಿ ನಿಮ್ಮ ಕನ್ನಡ ಕ್ಲಾಸಿನಲ್ಲಿದ್ದವನು, 2010ರ ಒಂಬತ್ತನೇ ಬಿ. ನೆನಪಾಗದಿದ್ದರೆ, ಪ್ರತಿಭಾ ಕಾರಂಜಿಯ ಭಾಷಣದಲ್ಲಿ ನಡುವೆ ಮರೆತುಹೋಗಿ, "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದು ಎರಡೇ ನಿಮಿಷಕ್ಕೆ ವೇದಿಕೆಯಿಂದ ಇಳಿದವನು. ಈಗ ನೆನಪಾಗಿರಬೇಕು.

ಫೋನ್ ಮಾಡಬಹುದಿತ್ತು, ನಿಮ್ಮ ನಂಬರನ್ನು ನಮ್ಮ ಕ್ಲಾಸಿನ ಲವೀನಾ ಕೊಟ್ಟಿದ್ದಳು. ಆದರೆ ನಾನು ಆರು ತಿಂಗಳು ಇದ್ದ ಕಡೆ ಫೋನ್ ತೆಗೆದಿಡುತ್ತಿದ್ದರು, ಕಾಗದ ಬರೆಯಲು ಬಿಡುತ್ತಿದ್ದರು. ಹಾಗೆ ಅಭ್ಯಾಸವಾಯಿತು. ಜೈಲಲ್ಲ ಟೀಚರ್, ಅಮಲು ಬಿಡಿಸುವ ಕೇಂದ್ರ. ಮೊದಲು ಗಾಂಜಾ, ಆಮೇಲೆ ಕುಡಿತ, ಆಮೇಲೆ ಕೈಗೆ ಸಿಕ್ಕಿದ್ದೆಲ್ಲ. ಈಗ ಹದಿನಾಲ್ಕು ತಿಂಗಳಿಂದ ಏನೂ ಇಲ್ಲ. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ, ಪರ್ಕಳದಲ್ಲಿ ಬಾಡಿಗೆ ಕೋಣೆ.

ಬರೆಯಲು ಕಾರಣ ಬೇರೆ ಉಂಟು. ನಾವು ಒಂಬತ್ತರಲ್ಲಿದ್ದಾಗ ಮಣಿಪಾಲದ ಸಂಶೋಧನೆಯವರ ಒಂದು ಪ್ರಶ್ನೆಪತ್ರಿಕೆಯನ್ನು ನೀವು ನಮ್ಮಿಂದ ತುಂಬಿಸಿದ್ದಿರಿ. ಬೀಡಿ, ಸಿಗರೇಟು, ಕುಡಿತ, ಗಾಂಜಾ, ಯಾವುದನ್ನು ಮುಟ್ಟಿದ್ದೀರಿ, ಎಷ್ಟು ಸಲ ಎಂದೆಲ್ಲ ಇತ್ತು. ಆ ಮಕ್ಕಳು ದೊಡ್ಡವರಾಗಿ ಏನಾದರು ಎಂದು ಅವರು ಈಗ ಹುಡುಕಿಕೊಂಡು ಬರುತ್ತಿದ್ದಾರೆ. ನನ್ನಲ್ಲಿಗೆ ಬಂದವರು ತೃಷಾ ಎಂಬ ಹುಡುಗಿ. ಯಾವ ಪ್ರಾಯದಲ್ಲಿ ಶುರು ಎಂದು ಕೇಳಿದರು. ಹದಿನಾಲ್ಕು ಎಂದೆ. ಅವರ ಪೆನ್ನು ನಿಂತಿತು. ಬಹಳ ಒತ್ತಾಯ ಮಾಡಿದ ಮೇಲೆ, ತಮ್ಮ ಮೇಲಿನವರ ಒಪ್ಪಿಗೆ ಪಡೆದು ನನ್ನ ಹಳೆಯ ಪತ್ರಿಕೆಯ ಪ್ರತಿ ತೋರಿಸಿದರು. ಅದರಲ್ಲಿ ಎಲ್ಲದಕ್ಕೂ 'ಇಲ್ಲ' ಎಂದೇ ಇದೆ. ಕೊನೆಯಲ್ಲಿ "ಬೇರೇನಾದರೂ ಹೇಳಲಿಕ್ಕಿದೆಯೇ" ಎಂಬಲ್ಲಿ ಖಾಲಿ.

ನಾನು ಅಲ್ಲಿ ಬರೆದಿದ್ದೆ ಟೀಚರ್. ಬಿಡಬೇಕು ಎಂದು ಬರೆದಿದ್ದೆ.

ಅಮ್ಮ ಈಗ ಕಾರ್ಕಳದಲ್ಲಿದ್ದಾರೆ. ನಾನು ಇಪ್ಪತ್ತರವರೆಗೆ ಚಿನ್ನದಂಥ ಹುಡುಗ, ಅಪ್ಪ ತೀರಿಕೊಂಡ ಮೇಲೆ ಹಾಳಾದೆ ಎಂಬುದು ಅವರ ಲೆಕ್ಕ. ಹದಿನಾಲ್ಕರಲ್ಲೇ ಶುರುವಾಗಿತ್ತು, ಶಾಲೆಯಲ್ಲಿ ಸಹಾಯ ಕೇಳಿದ್ದೆ ಎಂದರೆ, "ನಿನ್ನ ಬಾಯಲ್ಲಿ ಸತ್ಯ ಬಂದ ದಿನ ಉಂಟಾ?" ಎನ್ನುತ್ತಾರೆ. ಅವರ ತಪ್ಪಲ್ಲ. ನಾನು ಅವರಿಗೆ ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ಕಾಪು ಲೈಟ್‌ಹೌಸನ್ನು ಮೀರುತ್ತದೆ. ಈ ಒಂದು ಮಾತ್ರ ಸುಳ್ಳಲ್ಲ. ಪತ್ರಿಕೆ ನೋಡಿದ ಮೇಲೆ ನನಗೇ ಸಂಶಯ ಬರುತ್ತಿದೆ. ನಿಮಗೆ ಏನಾದರೂ ನೆನಪಿದ್ದರೆ ತಿಳಿಸಿ.

ಇತಿ ನಿಮ್ಮ ವಿದ್ಯಾರ್ಥಿ,
ಜಿತೇಶ್
ಒಂಬತ್ತನೇ ಬಿ, ಕೊನೆಯ ಬೆಂಚು


ಕಾಪು
20 ಜನವರಿ 2025

ಪ್ರೀತಿಯ ಜಿತೇಶ್,

ನಿನ್ನ ಕಾಗದ ತಲುಪಿತು. ಅಕ್ಷರ ಈಗಲೂ ದುಂಡಗಿದೆ, ಸಂತೋಷ. ನೀನು ಅಷ್ಟು ಕಷ್ಟದಿಂದ ಹೊರಗೆ ಬಂದದ್ದು ಇನ್ನೂ ದೊಡ್ಡ ಸಂತೋಷ. ದೇವರು ನಿನ್ನ ಕೈ ಬಿಡಲಿಲ್ಲ.

ನೀನು ಕೇಳಿದ್ದು ಹದಿನೈದು ವರ್ಷದ ಹಿಂದಿನ ಮಾತು. ನಾನು ನಿವೃತ್ತಳಾಗಿಯೇ ಆರು ವರ್ಷವಾಯಿತು, ಕನ್ನಡಕ ಎಲ್ಲಿಟ್ಟೆ ಎಂಬುದೇ ನೆನಪಿರುವುದಿಲ್ಲ. ಅಂಥ ಪತ್ರಿಕೆಗಳು ಎಷ್ಟೋ ಬರುತ್ತಿದ್ದವು. ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡ. ಆ ಪ್ರಾಯದಲ್ಲಿ ಮಕ್ಕಳು ಏನೇನೋ ಬರೆಯಬೇಕು ಎಂದುಕೊಂಡಿರುತ್ತಾರೆ, ಆಮೇಲೆ ಬರೆದೇ ಬಿಟ್ಟೆವು ಎಂದು ನಂಬುತ್ತಾರೆ. ಹಿಂದಿನದನ್ನು ಕೆದಕಿ ಮನಸ್ಸು ಕೆಡಿಸಿಕೊಳ್ಳಬೇಡ. ತಾಯಿಯನ್ನು ಚೆನ್ನಾಗಿ ನೋಡಿಕೋ, ನಿಧಾನಕ್ಕೆ ಅವರೂ ನಂಬುತ್ತಾರೆ.

ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಮಗ ಡ್ಯಾರಿಲ್ ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಇಬ್ಬರು ಮಕ್ಕಳು. ಅವನು ಯಾವತ್ತೂ ಕೆಟ್ಟದಕ್ಕೆ ಹೋದವನಲ್ಲ.

ಕ್ರಿಸ್ಮಸಿನ ಕುಸ್ವಾರ್ ತಿಂಡಿ ಸ್ವಲ್ಪ ಉಳಿದಿತ್ತು, ಪಾರ್ಸೆಲ್ ಮಾಡಿದ್ದೇನೆ. ಅದರಲ್ಲಿ ಕಿಡಿಯೋ ನಿನಗೆ ಇಷ್ಟ ಅಲ್ವಾ?

ನಿನ್ನ ಹಿತೈಷಿ,
ಝೀಟಾ ಟೀಚರ್


ಪರ್ಕಳ
2 ಫೆಬ್ರವರಿ 2025

ಟೀಚರ್,

ಕುಸ್ವಾರ್ ತಲುಪಿತು. ಪ್ಲಾಂಟಿನಲ್ಲಿ ಎಲ್ಲರಿಗೂ ಹಂಚಿದೆ. ನಾನು ತಿನ್ನಲಿಲ್ಲ.

ಇದನ್ನು ಬರೆಯುವುದು ಬೇಡ ಎಂದು ಹತ್ತು ದಿನ ಸುಮ್ಮನಿದ್ದೆ. ಎಂಟನೇ ಕ್ಲಾಸಿನಿಂದ ನನ್ನ ಉಕ್ತಲೇಖನದ ಪುಸ್ತಕಗಳಲ್ಲಿ ನೀವು ಹಾಕಿದ ರೈಟ್ ಗುರುತುಗಳನ್ನು ನಾನು ಮರೆತಿಲ್ಲ. ಬಾಲ ಉದ್ದಕ್ಕೆ ಮೇಲೆ ಹೋಗುತ್ತದೆ, ಕೆಳಗೆ ಒಂದು ಚುಕ್ಕೆ. ಆ ಚುಕ್ಕೆ ಯಾಕೆ ಎಂದು ನಮ್ಮ ಕ್ಲಾಸಿನ ಕ್ಲಾಯ್ಡ್ ಒಮ್ಮೆ ಕೇಳಿದ್ದ. ಕೆಲವು ಕಳ್ಳರು ತಾವೇ ರೈಟ್ ಹಾಕಿಕೊಂಡು ಮನೆಯಲ್ಲಿ ತೋರಿಸುತ್ತಾರೆ, ಚುಕ್ಕೆ ಇದ್ದರೆ ಮಾತ್ರ ಅದು ಟೀಚರ್ ಹಾಕಿದ ರೈಟ್ ಎಂದು ನೀವೇ ಹೇಳಿದ್ದಿರಿ. ಇಡೀ ಕ್ಲಾಸು ನಕ್ಕಿತ್ತು.

ಮಣಿಪಾಲದಲ್ಲಿ ತೋರಿಸಿದ ಪತ್ರಿಕೆಯಲ್ಲಿ ಇಪ್ಪತ್ತಾರು 'ಇಲ್ಲ'ಗಳ ಮುಂದೆ ರೈಟ್ ಗುರುತಿದೆ. ಇಪ್ಪತ್ತಾರರ ಕೆಳಗೂ ಚುಕ್ಕೆ ಉಂಟು.

ಮೊದಲ ಕಾಗದ ಬರೆಯುವಾಗಲೇ ನನಗೆ ಇದು ಗೊತ್ತಿತ್ತು. ನೀವಾಗಿಯೇ ಹೇಳುತ್ತೀರೋ ಎಂದು ನೋಡಿದೆ. ತೃಷಾ ಮೇಡಮ್ಮಿಗೆ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಹೇಳಿದರೂ ಯಾರು ನಂಬುತ್ತಾರೆ? ಕಂಡವರ ಮೇಲೆ ಗೂಬೆ ಕೂರಿಸುತ್ತಾನೆ ಎನ್ನುತ್ತಾರೆ.

ಡ್ಯಾರಿಲ್ ಅಣ್ಣನ ವಿಷಯ ನಾನು ಕೇಳಿರಲಿಲ್ಲ ಟೀಚರ್.

ಜಿತೇಶ್


ಕಾಪು
16 ಏಪ್ರಿಲ್ 2025

ಜಿತೇಶ್,

ಎರಡೂವರೆ ತಿಂಗಳಾಯಿತು. ಈ ನಡುವೆ ಏಳು ಕಾಗದ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ನಿನ್ನ ಮೇಲೆ ಸಿಟ್ಟು ಮಾಡಿದ್ದೆ. ನೋಡು, ಅಷ್ಟೂ ನಾಚಿಕೆ ಇಲ್ಲದವಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕ್ಲಾಸಿಗೆ ಆ ಗಾದೆಯ ಅರ್ಥವನ್ನು ಎರಡು ಪುಟ ಬರೆಸಿದವಳು ನಾನು. ನೀನು ಕೇಳದೆ ಡ್ಯಾರಿಲನ ಹೆಸರು ಎತ್ತಿ ನಾನೇ ಹೆಗಲು ಮುಟ್ಟಿಕೊಂಡೆ.

ಈಗ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಆ ದಿನ ಮಕ್ಕಳು ಪತ್ರಿಕೆ ತುಂಬಿ, ಕವರಿಗೆ ಹಾಕಿ, ತಾವೇ ಅಂಟಿಸಿ ಪೆಟ್ಟಿಗೆಗೆ ಹಾಕಬೇಕಿತ್ತು. ಹೆಸರಿಲ್ಲ, ನಂಬರು ಮಾತ್ರ; ಯಾವ ನಂಬರು ಯಾರದು ಎಂಬ ಪಟ್ಟಿ ಮಣಿಪಾಲದವರ ಹತ್ತಿರ. ನೀವೆಲ್ಲ ಹೆದರಿದ್ದಿರಿ. "ಇದು ನಮ್ಮ ಇಗರ್ಜಿಯ ಕುಮ್ಸಾರ್ ಇದ್ದ ಹಾಗೆ, ಹೇಳಿದ್ದು ಹೊರಗೆ ಹೋಗುವುದಿಲ್ಲ" ಎಂದು ನಾನೇ ಧೈರ್ಯ ಹೇಳಿದೆ. "ಕುಮ್ಸಾರ್ ಅಂದ್ರೆ ಎಂತ ಟೀಚರ್?" ಎಂದು ಕೇಳಿದವನು ನೀನು. ಪಾಪವನ್ನು ಪಾದ್ರಿಯವರ ಹತ್ತಿರ ಹೇಳಿಕೊಳ್ಳುವುದು, ಅವರು ಸತ್ತರೂ ಬಾಯಿ ಬಿಡುವುದಿಲ್ಲ ಎಂದು ವಿವರಿಸಿದೆ. ನೀನು ತಲೆ ಆಡಿಸಿ ಬರೆಯಲು ಕೂತೆ.

ಉಳಿದವರೆಲ್ಲ ಹತ್ತು ನಿಮಿಷದಲ್ಲಿ ಗುರುತು ಹಾಕಿ ಎದ್ದರು. ನೀನು ಬಹಳ ಹೊತ್ತು ಬರೆದೆ. ಅಷ್ಟು ಬರೆಯಲು ಅದರಲ್ಲಿ ಏನಿದೆ ಎಂಬ ಕುತೂಹಲ ನನ್ನದು. ಎಲ್ಲರೂ ಹೋದ ಮೇಲೆ ಮೇಲಿದ್ದ ಕವರನ್ನು ತೆಗೆದೆ. ಅಂಟು ಇನ್ನೂ ಒಣಗಿರಲಿಲ್ಲ.

ನೀನು ಬರೆದದ್ದು ಇದು: "ಶನಿವಾರ ಶನಿವಾರ ಗಾಂಜಾ ಎಳೆಯುತ್ತೇನೆ. ಕೊಡುವುದು ಡ್ಯಾರಿಲ್ ಅಣ್ಣ. ನನಗೆ ಬಿಡಬೇಕು ಅಂತ ಉಂಟು. ಟೀಚರ್ ಹತ್ತಿರ ಹೇಳಬಹುದಾ?"

ಒಂದೂ ಕಾಗುಣಿತದ ತಪ್ಪಿರಲಿಲ್ಲ. ಆ ಹೊತ್ತಿನಲ್ಲಿ ನಾನು ಅದನ್ನೂ ನೋಡಿದೆ ಎಂದು ಹೇಳಿಕೊಳ್ಳಲು ಮೈ ಹಿಡಿಯಾಗುತ್ತದೆ.

ಡ್ಯಾರಿಲ್ ಆಗ ಇಂಜಿನಿಯರಿಂಗ್ ಎರಡನೇ ವರ್ಷ, ಶನಿವಾರ ಮನೆಗೆ ಬರುತ್ತಿದ್ದ. ಪೆಟ್ಟಿಗೆ ಒಯ್ಯುವವರು ಮರುದಿನ ಬೆಳಗ್ಗೆ ಬರುವವರಿದ್ದರು. ನನ್ನ ಹತ್ತಿರ ಹೆಚ್ಚಿನ ಪ್ರತಿಗಳಿದ್ದವು. ನಿನ್ನ ನಂಬರು ಬರೆದು ಹೊಸದನ್ನು ತುಂಬಿದೆ. ಇಪ್ಪತ್ತೈದು ವರ್ಷದ ಕೈ ಅಭ್ಯಾಸ, ಚುಕ್ಕೆ ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ.

ಮನೆಗೆ ಹೋಗಿ ಡ್ಯಾರಿಲನ ಕೆನ್ನೆಗೆ ಎರಡು ಬಿಟ್ಟೆ. ಅವನು ಅತ್ತ, ಶಿಲುಬೆ ಮುಟ್ಟಿ ಆಣೆ ಮಾಡಿದ, ಬಿಟ್ಟ. ನನ್ನ ಗಂಡ ಲೂಯಿಸರಿಗೂ ಇದು ಕೊನೆಯವರೆಗೆ ಗೊತ್ತಾಗಲಿಲ್ಲ. ನನ್ನ ಮಗನಿಗೆ ವಿಷಯ ಗೊತ್ತಿದ್ದ ತಾಯಿ ಇದ್ದಳು, ಹಾಗಾಗಿ ಉಳಿದ. ನಿನಗೂ ತಾಯಿ ಇದ್ದರು. ಅವರಿಗೆ ಗೊತ್ತಾಗದ ಹಾಗೆ ನಾನು ನೋಡಿಕೊಂಡೆ.

ಮುಂದಿನ ವಾರ ನಿನ್ನನ್ನು ಎರಡನೇ ಬೆಂಚಿನಿಂದ ಕೊನೆಯ ಬೆಂಚಿಗೆ ಕಳಿಸಿದೆ. ಎತ್ತರವಾಗಿದ್ದೀಯಾ, ಹಿಂದಿನವರಿಗೆ ಕಾಣುವುದಿಲ್ಲ ಎಂದೆ. ನಿನ್ನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಪ್ರತಿ ವರ್ಷ ಈಸ್ಟರಿಗೆ ಮೊದಲು ಕುಮ್ಸಾರಿಗೆ ಹೋಗಿ "ಸುಳ್ಳು ಹೇಳಿದ್ದೇನೆ" ಎಂದಷ್ಟೇ ಹೇಳಿ ಬರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಿನ್ನೆ ಮೊದಲ ಸಲ ಪೂರ್ತಿ ಹೇಳಿದೆ. ಪಾದ್ರಿಯವರು ಸಣ್ಣ ಪ್ರಾಯದವರು, ಪೂರ್ತಿ ಕೇಳಿದರು. ಆಮೇಲೆ, "ನನ್ನ ಹತ್ತಿರ ಹೇಳಿದ್ದು ಸರಿ ಟೀಚರ್. ಆ ಹುಡುಗನ ಹತ್ತಿರ ಯಾವಾಗ ಹೇಳುವುದು?" ಎಂದರು.

ನಿನ್ನ ಪತ್ರಿಕೆಯನ್ನು ನಾನು ಸುಡಲಿಲ್ಲ. ಡ್ಯಾರಿಲನ ಜ್ಞಾನಸ್ನಾನದ ಸರ್ಟಿಫಿಕೇಟಿನ ಕೆಳಗೆ ಇಟ್ಟಿದ್ದೇನೆ. ಬೇಕಾದರೆ ಕಳಿಸುತ್ತೇನೆ. ಕ್ಷಮಿಸು ಎಂದು ಬರೆಯುವುದಿಲ್ಲ, ಅದಕ್ಕೂ ಒಂದು ಮುಖ ಬೇಕು.

ಝೀಟಾ


ಪರ್ಕಳ
27 ಏಪ್ರಿಲ್ 2025

ಟೀಚರ್,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಉಡುಪಿಯಲ್ಲಿ ಇಳಿಯುವುದು ಮರೆತು ಮಲ್ಪೆಯ ಬಸ್ಸು ತಪ್ಪಿತು.

ಒಂದು ನಿಮಗೆ ಗೊತ್ತಿಲ್ಲ. ಆ ದಿನದಿಂದ ನಾನು ಕಾದೆ. ನೀವು ಓದಿರುತ್ತೀರಿ ಎಂದಲ್ಲ. ಮಣಿಪಾಲದವರು ಓದಿ, ಈ ಹುಡುಗ ಹೇಳಬಹುದಾ ಎಂದು ಕೇಳುತ್ತಿದ್ದಾನೆ, ಕರೆದು ಮಾತಾಡಿ ಎಂದು ನಿಮಗೆ ತಿಳಿಸುತ್ತಾರೆ ಎಂದುಕೊಂಡಿದ್ದೆ. ಹುಡುಗುಬುದ್ಧಿ. ವಾರ ಕಳೆದ ಮೇಲೆ ನೀವು ಹಿಂದಿನ ಬೆಂಚಿಗೆ ಹೋಗು ಎಂದಿರಿ. ಅದೇ ಉತ್ತರ, ಹೇಳಬಾರದು ಎಂದು ನಾನು ತಿಳಿದೆ. ಆಮೇಲೆ ಹದಿಮೂರು ವರ್ಷ ಯಾರ ಹತ್ತಿರವೂ ಹೇಳಲಿಲ್ಲ.

ಡ್ಯಾರಿಲ್ ಅಣ್ಣ ಬಿಟ್ಟದ್ದು ನನಗೆ ಗೊತ್ತಿತ್ತು. ಅವನು ಕೊಡುವುದು ನಿಲ್ಲಿಸಿದ ಮೇಲೆ ನಾನು ಮಲ್ಪೆಗೆ ಹೋಗಿ ಬೇರೆಯವರಿಂದ ತೆಗೆದುಕೊಂಡೆ. ಎಲ್ಲ ನಿಮ್ಮ ತಲೆಗೆ ಕಟ್ಟುವುದಿಲ್ಲ. ಕೇಂದ್ರದಲ್ಲಿ ಮೊದಲು ಕಲಿಸುವುದೇ ಅದು, ಸೇದಿದ ಬಾಯಿ ನಿನ್ನದು ಎಂದು. ಆದರೆ ನನಗೆ ಸಿಟ್ಟು ಬಂದಿದೆ. ಪರವಾಗಿಲ್ಲ ಟೀಚರ್ ಎಂದು ನಾನು ಬರೆಯುವುದಿಲ್ಲ.

ಪತ್ರಿಕೆಯನ್ನು ನನಗೆ ಕಳಿಸಬೇಡಿ. ನಾನು ತೋರಿಸಿದರೆ ಅಮ್ಮ ಇದನ್ನು ಮೊನ್ನೆ ಕೂತು ಬರೆದದ್ದು ಎನ್ನುತ್ತಾರೆ. ನೀವೇ ಕಾರ್ಕಳಕ್ಕೆ ಹೋಗಿ ಕೊಡಿ. ಅದಕ್ಕೆ ಮೊದಲು ಮಣಿಪಾಲಕ್ಕೆ ಹೋಗಿ ಹೇಳಿ. ತೃಷಾ ಮೇಡಂ ಹೇಳಿದರು, ಹದಿನಾಲ್ಕಕ್ಕೆ ಶುರು ಮಾಡಿದವರು ಒಂದು ಕಡೆ, ಇಪ್ಪತ್ತರ ಮೇಲೆ ಶುರು ಮಾಡಿದವರು ಇನ್ನೊಂದು ಕಡೆ, ಹೀಗೆ ಬೇರೆ ಮಾಡಿ ನೋಡುತ್ತಾರಂತೆ. ನಾನು ತಪ್ಪು ಕಡೆ ಕೂತಿದ್ದೇನೆ. ಅಲ್ಲಿಯೂ ಬೆಂಚು ಬದಲಾಗಿದೆ.

ಅಮ್ಮನ ಮನೆ ಆನೆಕೆರೆಯ ಹತ್ತಿರ. ಮನೋರಮಾ, ಬೀಡಿ ಕಟ್ಟುವವರು ಎಂದರೆ ಯಾರಾದರೂ ತೋರಿಸುತ್ತಾರೆ.

ಜಿತೇಶ್


ಕಾಪು
25 ಮೇ 2025

ಜಿತೇಶ್,

ಎರಡು ಕಡೆಗೂ ಹೋಗಿ ಬಂದೆ.

ಮಣಿಪಾಲಕ್ಕೆ ಹೋಗುವಾಗ ಒಳ್ಳೆಯ ಸೀರೆ ಉಟ್ಟಿದ್ದೆ. ಯಾಕೆ ಎಂದು ಕೇಳಬೇಡ. ತೃಷಾ ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟಳು, ಟೀಚರ್ ಅಲ್ವಾ. ಹೇಳಿ ಮುಗಿಸುವ ಹೊತ್ತಿಗೆ ಅವಳ ಮುಖ ಬೇರೆಯಾಗಿತ್ತು.

"ನೀವು ಬದಲಿಸಿದ್ದು ಒಂದೇನಾ ಮೇಡಂ?" ಎಂದಳು.

"ಒಂದೇ" ಎಂದೆ.

"ಅದನ್ನು ನಾವು ಹೇಗೆ ನಂಬುವುದು?"

ಮೂವತ್ತನಾಲ್ಕು ವರ್ಷ ಕಲಿಸಿದವಳು ನಾನು. ಶಾಲೆಯಲ್ಲಿ ನನ್ನ ಮಾತೇ ಸಾಕ್ಷಿಯಾಗಿತ್ತು. ಈಗ ನನ್ನ ಮಗನಿಗಿಂತಲೂ ಸಣ್ಣ ಪ್ರಾಯದ ಹುಡುಗಿಯೊಬ್ಬಳು ನಂಬಲಿಲ್ಲ, ಅವಳು ಮಾಡಿದ್ದು ಸರಿ. ಸತ್ಯ ಹೇಳಿಯೂ ನಂಬಿಸಲಾಗದೆ ಕೂರುವುದು ಹೇಗಿರುತ್ತದೆ ಎಂದು ನನಗೆ ಅರ್ಧ ಗಂಟೆ ಗೊತ್ತಾಯಿತು. ನಿನಗೆ ವರ್ಷಗಟ್ಟಲೆ ಗೊತ್ತು. ನಮ್ಮ ಕ್ಲಾಸಿನ ನಲವತ್ತೊಂದು ಪತ್ರಿಕೆಗಳನ್ನೂ ಪರೀಕ್ಷೆ ಮಾಡುವವರೆಗೆ ಬದಿಗಿಡುತ್ತಾರಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಉಳಿದ ಪೈರಿಗೂ ಬೆಲೆ ಇಲ್ಲ. ಹೇಳಿಕೆ ಬರೆದು ಸಹಿ ಹಾಕಿದೆ. ನಿನ್ನ ಪತ್ರಿಕೆಯ ನಕಲು ಮಾಡಿಕೊಂಡು ಮೂಲವನ್ನು ನನಗೆ ಕೊಟ್ಟರು.

ಕಾರ್ಕಳಕ್ಕೆ ಹೋದದ್ದು ಮರುದಿನ. ನಿನ್ನ ಅಮ್ಮ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಗುರುತು ಹಿಡಿದು, "ಅಯ್ಯೋ ಟೀಚರ್, ಈ ಬಿಸಿಲಲ್ಲಿ!" ಎಂದು ಒಳಗೆ ಓಡಿ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು. ಬಸ್ಸಿನಲ್ಲಿ ಬಂದು ನನ್ನ ಗಂಟಲು ಒಣಗಿತ್ತು. ಹೇಳದೆ ಅದನ್ನು ಮುಟ್ಟಿದರೆ ಇನ್ನೊಂದು ಕಳ್ಳತನ ಆಗುತ್ತದೆ ಅನ್ನಿಸಿತು.

"ಮನೋರಮಕ್ಕ, ಮೊದಲು ಇದನ್ನು ಓದಿ" ಎಂದು ಪತ್ರಿಕೆ ಕೊಟ್ಟೆ.

ಅವರು ಕನ್ನಡಕ ಹಾಕಿ, ಬೆರಳು ಇಟ್ಟು ಒಂದೊಂದೇ ಅಕ್ಷರ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ನಾನು ಉಳಿದದ್ದನ್ನು ಹೇಳಿದೆ, ಡ್ಯಾರಿಲನ ವಿಷಯವನ್ನೂ ಬಿಡದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕೂರಲು ಸುಲಭವಾಗುತ್ತಿತ್ತು.

ಕನ್ನಡಕ ತೆಗೆದು, "ಆಗ ನನಗೆ ಗೊತ್ತಾಗಿದ್ರೆ ನಾನು ಹೊಡೀತಿದ್ದೆ ಟೀಚರ್" ಎಂದರು. "ಅವನ ಅಪ್ಪ ಕರುಣಾಕರರು ಬೆಲ್ಟೇ ತೆಗೀತಿದ್ರು. ಮನೆಯಲ್ಲಿ ದೊಡ್ಡ ಗಲಾಟೆ ಆಗ್ತಿತ್ತು. ಆದ್ರೆ ಗೊತ್ತಿರ್ತಿತ್ತಲ್ಲ. ಹದಿನಾಲ್ಕು ವರ್ಷದ ಹುಡುಗನನ್ನು ಹಿಡಿದು ಕೂರಿಸುವಷ್ಟು ಶಕ್ತಿ ನನ್ನ ಕೈಯಲ್ಲಿತ್ತು. ಇಪ್ಪತ್ತೈದರವನನ್ನು ಹೇಗೆ ಹಿಡಿಯುವುದು?"

ಆಮೇಲೆ ಪತ್ರಿಕೆಯನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಮತ್ತೆ ಬೀಡಿ ಕಟ್ಟಲು ಶುರು ಮಾಡಿದರು. ಎಲೆ ಎರಡು ಸಲ ಹರಿಯಿತು. ಬೆಲ್ಲ ತೆಗೆದುಕೊಳ್ಳಿ ಎಂದು ಅವರು ಹೇಳಲಿಲ್ಲ. ನಾನು ಎದ್ದು ಬಂದೆ.

ಡ್ಯಾರಿಲನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. "ಈಗ ಯಾಕೆ ಮಮ್ಮಿ ಅದೆಲ್ಲ? ನನ್ನ ಹೆಂಡತಿ ಕ್ಯಾರೆನಿಗೆ ಗೊತ್ತಾದರೆ?" ಎಂದ. ಎರಡು ಭಾನುವಾರದಿಂದ ಅವನ ಫೋನ್ ಇಲ್ಲ. ಇದನ್ನು ನಿನ್ನ ಕನಿಕರಕ್ಕಾಗಿ ಬರೆಯುತ್ತಿಲ್ಲ, ನಿನಗೆ ತಿಳಿದಿರಲಿ ಎಂದು.

ಹದಿನೈದು ವರ್ಷ ತಡವಾಗಿ ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಹೇಳಬಹುದಿತ್ತು ಮಗಾ. ಹೇಳಬಹುದಾದಂಥ ಟೀಚರ್ ನಾನಾಗಿರಬೇಕಿತ್ತು.

ಝೀಟಾ


ಪರ್ಕಳ
15 ಜೂನ್ 2025

ಟೀಚರ್,

ಮೀನಿನ ಬೋಟುಗಳೆಲ್ಲ ದಡಕ್ಕೆ ಬಂದಿವೆ. ಮಳೆಗಾಲದ ಎರಡು ತಿಂಗಳು ಐಸಿಗೆ ಗಿರಾಕಿ ಇಲ್ಲ, ಹಾಗಾಗಿ ವಾರದಲ್ಲಿ ಮೂರೇ ದಿನ ಕೆಲಸ. ಮನೆಯಲ್ಲಿದ್ದಾಗಲೇ ಅಮ್ಮ ಬಂದರು. ಹೇಳದೆ ಕೇಳದೆ, ಕಾರ್ಕಳದಿಂದ ಬಸ್ಸು ಹಿಡಿದು, ಅರ್ಧ ಒದ್ದೆಯಾಗಿ. ನನ್ನ ಕೋಣೆಗೆ ಅವರು ಬಂದದ್ದು ಇದೇ ಮೊದಲು.

ಮೊದಲೆಲ್ಲ ನನ್ನನ್ನು ಕಂಡ ಕೂಡಲೇ ಅವರು ಮೂರು ಕೆಲಸ ಮಾಡುತ್ತಿದ್ದರು. ಬಾಯಿಯ ಹತ್ತಿರ ಬಂದು ಮೂಸುವುದು, ಅಂಗಿಯ ಜೇಬು ನೋಡುವುದು, ಹಾಸಿಗೆ ಎತ್ತಿ ನೋಡುವುದು. ಕೇಂದ್ರದಿಂದ ಬಂದ ಮೇಲೂ ಬಿಟ್ಟಿರಲಿಲ್ಲ. ಈ ಸಲ ಬಾಗಿಲ ಹತ್ತಿರವೇ ನಿಂತು ಕೇಳಿದರು.

"ಈಗ ಏನಾದರೂ ಉಂಟಾ ಜಿತ್ತು?"

"ಇಲ್ಲಮ್ಮ" ಎಂದೆ.

"ಆಯ್ತು" ಎಂದು ಬಂದು ಹಾಸಿಗೆಯ ಮೇಲೆ ಕೂತರು.

ಅಷ್ಟೇ ಟೀಚರ್. ಹತ್ತಿರ ಬಂದು ಮೂಸಲಿಲ್ಲ. ನಾನು ಚಾ ಮಾಡಲು ಆ ಕಡೆ ತಿರುಗಿ ನಿಂತೆ, ನನ್ನ ಮುಖ ಅವರಿಗೆ ಕಾಣಬಾರದಿತ್ತು.

ಮಣಿಪಾಲದಿಂದ ಹೊಸ ಪತ್ರಿಕೆ ತಂದು ತುಂಬಿಸಿದರು. ಕೊನೆಯ ಖಾಲಿ ಜಾಗವನ್ನು ಹಾಗೆಯೇ ಬಿಟ್ಟೆ. ಈ ಸಲ ನಿಜವಾಗಿ ಖಾಲಿ.

ಅಮ್ಮ ಹೋಗುವಾಗ ನಿಮಗೆ ಬರೆಯಲು ಹೇಳಿದರು. ಅವರ ಮಾತಿನಲ್ಲೇ ಬರೆಯುತ್ತೇನೆ: "ಟೀಚರ್ ಬೆಲ್ಲ ನೀರು ಮುಟ್ಟದೆ ಹೋದರು. ಹೋದದ್ದು ಸರಿ ಆಯ್ತು ಅಂತ ಬರೆ. ನನ್ನ ಸಿಟ್ಟು ಇಳಿಯಲಿಲ್ಲ, ಇಳಿಯುತ್ತದಾ ಗೊತ್ತಿಲ್ಲ. ಆದ್ರೆ ಈ ಪ್ರಾಯದಲ್ಲಿ ಬಸ್ಸಲ್ಲಿ ಬಂದು ಹೇಳಿದರಲ್ಲ, ಅದನ್ನೂ ಬರೆ. ಒಂದನ್ನು ಬರೆದು ಒಂದನ್ನು ಬಿಡಬೇಡ."

ಎರಡನ್ನೂ ಬರೆದಿದ್ದೇನೆ. ನನ್ನದೂ ಅಷ್ಟೇ ಟೀಚರ್.

ಇತಿ ನಿಮ್ಮ ವಿದ್ಯಾರ್ಥಿ,
ಜಿತೇಶ್
ಒಂಬತ್ತನೇ ಬಿ, ಎರಡನೇ ಬೆಂಚು